ಭೂಮಧ್ಯರೇಖೆಗೂ ಮುಂಚೆ ಒಂದು ಸೂಜಿ

ಚಿಕ್ಕೋಡಿಯ ನನ್ನ ಟ್ರಾವೆಲ್ಸ್ ಆಫೀಸಿಗೆ ಮೆಕ್ಕಾದ ಉಮ್ರಾಕ್ಕೆ ಹೋಗುವವರು ಬರುತ್ತಾರೆ, ಕಾಶಿಗೆ ಮತ್ತು ಜೈನರ ಶಿಖರ್ಜಿಗೆ ಹೋಗುವವರು ಬರುತ್ತಾರೆ. ಕೊಲ್ಲಾಪುರದ ಬಸ್ ಹೋಯಿತೇ ಎಂದು ಕೇಳಲು ಮಾತ್ರ ಬರುವವರು ಅವರೆಲ್ಲರಿಗಿಂತ ಹೆಚ್ಚು. ಹಡಗು ಕೇಳಿಕೊಂಡು ಬಂದವರು ಇದುವರೆಗೆ ಒಬ್ಬರೇ. ಅವರು ಇಲ್ಲಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಶಿಕ್ಷಕಿ. ಊರಿನವರಿಗೆಲ್ಲ ಅವರು ‘ಅಕ್ಕೋರು’. ಅವರಿಂದ ಒಮ್ಮೆಯಾದರೂ ಕಿವಿ ಹಿಂಡಿಸಿಕೊಳ್ಳದ ಗಂಡಸರು ಚಿಕ್ಕೋಡಿಯ ಪೇಟೆಯಲ್ಲಿ ಸಿಗುವುದು ಕಷ್ಟ. ನಾನು ಕುಡಚಿಯಲ್ಲಿ ಓದಿದವನು, ಹಾಗಾಗಿ ಪಾರಾದೆ.

“ತಮ್ಮಾ, ಮುಂಬೈಯಿಂದ ಆಫ್ರಿಕಾಕ್ಕ ಹಡಗ ಹೊಂಟೈತಂತ. ಅದಕ್ಕ ನಂದೊಂದು, ನನ್ನ ತಂಗೀದೊಂದು ಹೆಸರ ಹಚ್ಚು,” ಎಂದರು, ಕೂರುವ ಮೊದಲೇ.

ಯಾಕೆ ಆಫ್ರಿಕಾ ಎಂದು ಕೇಳಿದೆ. ಸಿಂಗಪುರ, ದುಬೈ ಎಲ್ಲ ಸುಲಭ ಎಂದೂ ಹೇಳಿದೆ.

“ಮೂವತ್ತ ವರ್ಷ ಬೋರ್ಡಿನ ಮ್ಯಾಲೆ ಭೂಮಧ್ಯರೇಖಾ ಎಳದೀನಿ. ಒಮ್ಮೆರ ಅದನ್ನ ದಾಟಬೇಕು. ವಿಮಾನದಾಗ ಬ್ಯಾಡ, ವಿಮಾನದಾಗ ನಿದ್ದಿ ಹತ್ತಿಬಿಡತೈತಿ. ನೀರಿನ ಮ್ಯಾಲೆ ನಿಂತ ದಾಟಬೇಕು.”

ತಂಗಿ ಶಿರಗುಪ್ಪಿಯಲ್ಲಿದ್ದರು. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಗಂಡ ತೀರಿಕೊಂಡ ಮೇಲೆ ಮನೆ ಬಿಟ್ಟು ಎಲ್ಲಿಗೂ ಹೋಗಿದ್ದವರಲ್ಲ. ಅವರನ್ನು ಯಾಕೆ ಕರೆದುಕೊಂಡು ಹೋಗುತ್ತೀರಿ ಎಂದು ನಾನು ಕೇಳಲಿಲ್ಲ, ಅಕ್ಕೋರೇ ತೋರಿಸಿದರು. ಪಾಸ್‌ಪೋರ್ಟ್ ತೆಗೆಯಲು ಬ್ಯಾಗಿನ ಜಿಪ್ ಎಳೆಯಹೋದಾಗ ಅವರ ಬೆರಳುಗಳು ಅದನ್ನು ಹಿಡಿಯಲಿಲ್ಲ. ಗೆಣ್ಣುಗಳು ಊದಿ, ಬೆರಳೆಲ್ಲ ಒಂದೇ ಕಡೆ ಸೊಟ್ಟಗಾಗಿದ್ದವು. ಬ್ಯಾಗನ್ನೇ ನನ್ನ ಕಡೆ ತಳ್ಳಿ ನಕ್ಕರು. “ಅಕಿ ಇರಲಿಲ್ಲಂದ್ರ ಹಡಗಿನಾಗ ನನ್ನ ಬ್ಲೌಸಿನ ಗುಂಡಿ ಕ್ಯಾಪ್ಟನ್ ಬಂದ ಹಾಕ್ತಾನೇನ?”

ಹಡಗಿನ ದಾರಿ ಹೀಗಿತ್ತು. ಮುಂಬೈ ಬಿಟ್ಟರೆ ಕೆಲವು ದಿನ ಬರೀ ನೀರು, ಆಮೇಲೆ ಸೀಶೆಲ್ಸ್ ದ್ವೀಪಗಳು, ಅಲ್ಲಿಂದ ಕೀನ್ಯಾದ ಮೊಂಬಾಸಾ, ಕೊನೆಗೆ ಜಾಂಜಿಬಾರ್. ಅಲ್ಲಿ ಇಳಿದು ವಿಮಾನದಲ್ಲಿ ಮುಂಬೈಗೆ ವಾಪಸ್. ನಾನು ಅಕ್ಕೋರ ಮಾತಿನಲ್ಲಿ ‘ಆಫ್ರಿಕಾ’ ಅನ್ನುವುದನ್ನು ಮಾತ್ರ ಹಿಡಿದುಕೊಂಡೆ. ಟಿಕೆಟ್ ಮಾಡುವವನ ಕಿವಿಗೆ ಊರಿನ ಹೆಸರು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ.

ಆರೋಗ್ಯದ ಕಾಗದಗಳ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಉಮ್ರಾಕ್ಕೆ ಹೋಗುವವರಿಗೆ ಮಿದುಳುಜ್ವರದ ಲಸಿಕೆ ಹಾಕಿಸಿ ರೂಢಿಯಾಗಿತ್ತು. ಒಂದು ಟೆಂಪೊ ತುಂಬ ಜನ, ಒಂದು ದಿನದ ಕೆಲಸ, ಸಂಜೆ ಎಲ್ಲರ ಕೈಯಲ್ಲೂ ಕಾರ್ಡು. ಇದೂ ಹಾಗೇ ಇರಬೇಕು ಎಂದುಕೊಂಡು ಬುಕಿಂಗ್ ಮಾಡಿದೆ. ಮುಂಗಡ ಹೋದ ಮೇಲೆ ಹಡಗಿನ ಕಂಪನಿಯ ಆರೋಗ್ಯ ವಿಭಾಗದಿಂದ ಇಮೇಲ್ ಬಂತು. ಅದನ್ನು ಓದಿ ಮುಗಿಸುವಷ್ಟರಲ್ಲಿ ಮುಂದಿದ್ದ ಚಹಾ ಆರಿಹೋಗಿತ್ತು.

ಅರವತ್ತು ದಾಟಿದವರಿಗೆ ವೈದ್ಯರ ಫಿಟ್‌ನೆಸ್ ಪತ್ರ ಬೇಕು, ಪ್ರಯಾಣ ವಿಮೆ ಬೇಕು, ಅದೆಲ್ಲ ಸರಿ. ತೊಡಕಿದ್ದದ್ದು ಹಳದಿ ಜ್ವರದ ಲಸಿಕೆಯಲ್ಲಿ. ಕೀನ್ಯಾದ ಬಂದರಿಗೆ ಹೋಗುವ ಪ್ರತಿಯೊಬ್ಬರೂ ಹಡಗು ಹತ್ತುವಾಗಲೇ ಆ ಲಸಿಕೆಯ ಹಳದಿ ಕಾರ್ಡ್ ತೋರಿಸಬೇಕು. ಇಲ್ಲದಿದ್ದರೆ ಮುಂದಿನ ಬಂದರಿನವರು ತಡೆಯಬಹುದು. ಅದಕ್ಕಿಂತ ಮುಖ್ಯವಾಗಿ ನಮ್ಮ ದೇಶದವರೇ ವಾಪಸ್ ಬರುವಾಗ ವಿಮಾನ ನಿಲ್ದಾಣದಿಂದ ನೇರವಾಗಿ ಪ್ರತ್ಯೇಕ ವಾರ್ಡಿಗೆ ಕಳಿಸಬಹುದು. ನಮ್ಮಲ್ಲಿ ಆ ರೋಗವಿಲ್ಲ, ಆದರೆ ಅದನ್ನು ಹರಡುವ ಸೊಳ್ಳೆ ಬೇಕಾದಷ್ಟಿದೆ. ಒಬ್ಬರು ಹೊತ್ತು ತಂದರೆ ಸಾಕು ಎಂಬುದು ಸರ್ಕಾರದ ಹೆದರಿಕೆ. ಹೆದರುವುದು ಸರಿಯೇ.

ಈ ಲಸಿಕೆಯನ್ನು ಎಲ್ಲ ದವಾಖಾನೆಗಳಲ್ಲಿ ಹಾಕುವುದಿಲ್ಲ. ಸರ್ಕಾರ ಗುರುತಿಸಿದ ಕೆಲವೇ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಒಂದು ಬಾಟಲಿ ಒಡೆದರೆ ಹಲವರಿಗೆ ಆಗುತ್ತದೆ, ಒಡೆದ ಮೇಲೆ ಬಹಳ ಹೊತ್ತು ಇಡುವ ಹಾಗಿಲ್ಲ. ಆದ್ದರಿಂದ ಜನ ಕೂಡಿದ ದಿನ ಮಾತ್ರ ಹಾಕುತ್ತಾರೆ. ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಕಾರ್ಡಿಗೆ ಬೆಲೆ. ನಾನು ಫೋನಿನ ಮೇಲೆ ಫೋನು ಮಾಡಿ, ಕೊನೆಗೆ ಗೋವಾದ ಒಂದು ಕೇಂದ್ರದಲ್ಲಿ ಇಬ್ಬರಿಗೂ ಒಂದೇ ದಿನ ಗೊತ್ತುಮಾಡಿದೆ. ಹಡಗು ಹೊರಡುವುದಕ್ಕೆ ಆಗ ಇನ್ನೂ ಸಾಕಷ್ಟು ಸಮಯವಿತ್ತು.

ಮೊದಲು ಫಿಟ್‌ನೆಸ್ ಪತ್ರ. ಅಕ್ಕೋರನ್ನು ಊರಿನ ಒಬ್ಬ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಒಳಗೆ ಕಾಲಿಡುತ್ತಿದ್ದ ಹಾಗೆ ಅವರು ಕುರ್ಚಿಯಿಂದೆದ್ದು ಅಕ್ಕೋರ ಕಾಲು ಮುಟ್ಟಿದರು, ಹಳೆಯ ವಿದ್ಯಾರ್ಥಿ. ರಕ್ತದೊತ್ತಡ ನೋಡಿದರು, ಎದೆಗೆ ಕೊಳವೆ ಇಟ್ಟರು. ಆಮೇಲೆ ಅಕ್ಕೋರೇ ಅವರನ್ನು ವಿಚಾರಿಸಿಕೊಂಡರು: ಮದುವೆ ಆಯಿತೇ, ಅಕ್ಷರ ಈಗಲಾದರೂ ದುಂಡಗಾಗಿದೆಯೇ? “ಅಕ್ಕೋರಿಗೆ ಏನಾಗೈತ್ರಿ? ನಮಗಿಂತ ಗಟ್ಟಿ ಅದಾರ,” ಎಂದು ನಗುತ್ತ ವೈದ್ಯರು ಸಹಿ ಹಾಕಿದರು. ತಮಗೆ ಕಲಿಸಿದವರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುವುದು ನಮ್ಮ ಕಡೆ ಯಾರಿಗೂ ಬರುವುದಿಲ್ಲ. ನಾನಾದರೂ ಏನು ಕೇಳಿದ್ದೆ? ಉಮ್ರಾದವರಿಗೆ ಕೇಳುವ ಹಾಗೆ, “ಬಿಪಿ, ಶುಗರ್ ಏನರ ಐತೇನ್ರಿ?” ಎಂದಿದ್ದೆ. “ಏನೂ ಇಲ್ಲ,” ಎಂದಿದ್ದರು. ನಮ್ಮಲ್ಲಿ ಕಾಯಿಲೆ ಎಂದರೆ ಆ ಎರಡೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಅವರ ಬೆರಳನ್ನು ದಿನಾ ನೋಡುತ್ತಿದ್ದ ನಮಗೆ ಕನ್ನಡಿ ಕೊಟ್ಟಿದ್ದರೂ ಕಾಣುತ್ತಿರಲಿಲ್ಲ.

ಲಸಿಕೆ ಕೇಂದ್ರದವರ ಫಾರ್ಮನ್ನು ಅಕ್ಕೋರು ನನ್ನ ಆಫೀಸಿನಲ್ಲೇ ಓದಿದರು. ಓದುತ್ತ ಒಂದು ಸಾಲಿನಲ್ಲಿ ತಡೆದು ನಿಂತರು. ಕೋಳಿಮೊಟ್ಟೆ ತಿಂದರೆ ಮೈಗೆ ಆಗಿಬರುವುದಿಲ್ಲವೇ ಎಂಬ ಪ್ರಶ್ನೆ ಅದು.

“ಇದನ್ನ ತತ್ತಿ ಒಳಗ ಬೆಳಸ್ತಾರ, ಹೌದಿಲ್ಲೋ?”

“ಹೌದ್ರಿ ಅಕ್ಕೋರ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಕ್ಕ ತಂಗಿ ಇಬ್ಬರೂ ಜೈನರ ಮನೆಯವರು. ಅಕ್ಕೋರು ಮಾಂಸ, ಮೊಟ್ಟೆ ಮುಟ್ಟುವುದಿಲ್ಲ, ಅಷ್ಟಕ್ಕೇ ಅವರ ಧರ್ಮ ಮುಗಿಯಿತು. ತಂಗಿಯದು ಹಾಗಲ್ಲ. ಗಡ್ಡೆಗೆಣಸು ಇಲ್ಲ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನೀರು ಸೋಸದೆ ಕುಡಿಯುವುದಿಲ್ಲ.

“ಅಕಿಗೆ ಹೇಳಬ್ಯಾಡ,” ಎಂದರು ಅಕ್ಕೋರು. “ಹೇಳಿದ್ರ ಅಕಿ ಬರೂದಿಲ್ಲ. ಅಕಿ ಬರಲಿಲ್ಲಂದ್ರ ನನಗ ಹೋಗಾಕ ಆಗೂದಿಲ್ಲ. ಅಕಿ ಇಂಗ್ಲಿಷ್ ಓದಂಗಿಲ್ಲ. ಬೆರಳಿಟ್ಟ ತೋರಿಸಿದಲ್ಲಿ ಸಹಿ ಮಾಡ್ತಾಳ.”

ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಹಣ ಕಟ್ಟಿದವರು ಅಕ್ಕೋರು. ಅವರ ಆಸೆ ಎಷ್ಟು ದೊಡ್ಡದು ಅನ್ನುವುದೂ ನನಗೆ ಗೊತ್ತಿತ್ತು. ಆದರೆ ನನ್ನ ತಾಯಿ ನೆನಪಾದರು. ಅವರಿಗೆ ಉಮ್ರಾದ ಲಸಿಕೆ ಹಾಕಿಸಿದ ವರ್ಷ, ತೋಳು ಮುಂದೆ ಚಾಚುವ ಮೊದಲು, “ಬೇಟಾ, ಇಸ್ಮೆ ಕುಚ್ ಐಸಾ ವೈಸಾ ತೊ ನಹೀ ನಾ?” ಎಂದು ಕೇಳಿದ್ದರು. ನಾನು ಮೂರು ಕಡೆ ವಿಚಾರಿಸಿ, ನಮ್ಮ ಧರ್ಮಕ್ಕೆ ನಿಷಿದ್ಧವಾದದ್ದೇನೂ ಅದರಲ್ಲಿ ಇಲ್ಲ ಎಂದು ಖಾತ್ರಿ ಮಾಡಿಕೊಂಡೇ ಅವರಿಗೆ ಹೇಳಿದ್ದೆ. ಯಾರಾದರೂ ನನ್ನ ತಾಯಿಯ ಕೈಯಿಂದ ಕಣ್ಣುಮುಚ್ಚಿ ಸಹಿ ಹಾಕಿಸಿದ್ದರೆ ನಾನು ಸುಮ್ಮನಿರುತ್ತಿದ್ದೆನೇ?

ಸಹಿಗಾಗಿ ಶಿರಗುಪ್ಪಿಗೆ ನಾನೇ ಹೋದೆ. ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ಸಿಕ್ಕಿಕೊಂಡು ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ತಂಗಿ ಊಟ ಮುಗಿಸಿ ತಾಟು ತೊಳೆಯುತ್ತಿದ್ದರು. ನನಗೆ ಚಹಾ ಮಾಡಿಕೊಟ್ಟರು, ತಾವು ಮುಟ್ಟಲಿಲ್ಲ. ನಾನು ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತೇನೆ.

“ಎಲ್ಲಿ ಮಾಡ್ಲಿ ಭಾಯಿ ಸಹಿ?” ಎಂದು ಪೆನ್ನು ಹಿಡಿದು ಕೇಳಿದರು.

“ಒಂದ ಮಾತ ಹೇಳ್ತೀನ್ರಿ ಮಾವಶಿ. ಕೇಳಿದ ಮ್ಯಾಲೆ ಮಾಡ್ರಿ.”

ಹೇಳಿದೆ. ಕೋಳಿಮೊಟ್ಟೆಯೊಳಗೆ ಬೆಳೆಸುತ್ತಾರೆ, ಬೇರೆ ದಾರಿಯಿಂದ ಮಾಡಿದ್ದು ಸಿಗುವುದಿಲ್ಲ, ಅದಿಲ್ಲದೆ ಆ ಬಂದರುಗಳಿಗೆ ಬಿಡುವುದಿಲ್ಲ. ಅವರು ಪೆನ್ನಿನ ಟೊಪ್ಪಿಗೆ ಹಾಕಿದರು.

“ಅದರಾಗ ಜೀವ ಇರತೈತೇನ್ರಿ?”

ಇಲ್ಲ ಅಂದುಬಿಡಬಹುದಿತ್ತು. ಅದು ನಾಲಿಗೆಯ ತುದಿಗೇ ಬಂದಿತ್ತು. “ಇರತೈತ್ರಿ,” ಎಂದೆ. “ಮರಿ ಆಗೂ ತತ್ತೀನ ಬೇಕಾಗತೈತಂತ.”

ಆಮೇಲೆ ಕೇಳಿದ್ದು ಒಂದೇ: “ಅಕ್ಕಗ ಇದು ಗೊತ್ತೈತೇನ್ರಿ?”

ನಾನು ಚಹಾದ ಕಪ್ಪನ್ನು ನೋಡುತ್ತ ಕೂತೆ. ನನ್ನ ಮುಖದಲ್ಲಿ ಉತ್ತರ ಇದ್ದಿರಬೇಕು. ಅವರು ಫಾರ್ಮನ್ನು ಮಡಚಿ ನನ್ನ ಕೈಗೆ ಕೊಟ್ಟರು, ಸಹಿ ಇಲ್ಲದೆ.

ಮರುದಿನ ಅಕ್ಕೋರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರು. “ನಿನಗ ಟಿಕೀಟ ತಗಿ ಅಂತ ಹೇಳಿದ್ನೋ, ಧರ್ಮಾ ಹೇಳಂತ ಹೇಳಿದ್ನೋ?” ಅಂದರು. ನನಗೂ ಸಿಟ್ಟು ಬಂತು, ಬೇರೆ ಆಫೀಸು ನೋಡಿಕೊಳ್ಳಿರಿ ಎಂದೆ. ಅವರು ಹೋಗಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವರ ಕಣ್ಣಲ್ಲಿ ನೀರು. ನನ್ನ ಸಿಟ್ಟು ಇಳಿದುಹೋಯಿತು. ಬುಕಿಂಗ್ ರದ್ದು ಮಾಡಲೇ ಎಂದು ಕೇಳಲು ಮನಸ್ಸಾಗಲಿಲ್ಲ.

ವಾರದೊಳಗೆ ಮಾವಶಿ ತಾವಾಗಿಯೇ ಬಂದರು, ಶಿರಗುಪ್ಪಿಯಿಂದ ಬಸ್ ಹಿಡಿದು, ಒಬ್ಬರೇ. ಬಂದವರು ಫಾರ್ಮು ಕೇಳಿದರು.

“ಅಕ್ಕ ನನ್ನ ಕೇಳಿದ್ದರ ನಾ ಒಲ್ಲೆ ಅಂತಿದ್ದೆ. ಕೇಳಲಿಲ್ಲ. ಕೇಳಾಕ ಅಂಜಿದ್ಲು,” ಎಂದರು. “ಅಕಿ ಯಾರಿಗೂ ಅಂಜಿದಾಕಿ ಅಲ್ರಿ ಭಾಯಿ. ನಮ್ಮಪ್ಪಗ ಅಂಜಿಲ್ಲ, ಸಾಲಿ ಇನ್ಸ್‌ಪೆಕ್ಟರಗ ಅಂಜಿಲ್ಲ. ದಶಲಕ್ಷಣ ಹಬ್ಬದಾಗ ಊರೆಲ್ಲಾ ಉಪಾಸ ಇದ್ದಾಗ ಬಾಗಲಾ ತಗದ ಇಟಗೊಂಡ ಉಪ್ಪಿಟ್ಟ ತಿಂದಾಕಿ. ಅಂಥಾಕಿ ಅಂಜ್ಯಾಳ ಅಂದ್ರ ಅಕಿಗೆ ಆ ಗೆರಿ ಎಷ್ಟ ಬೇಕಾಗಿರಬೇಕು ಲೆಕ್ಕಾ ಹಾಕ್ರಿ. ಪಾಪ ಹತ್ತಿದ್ರ ನನಗ ಹತ್ಲಿ. ಅದನ್ನ ಹೆಂಗ ತೊಳಕೊಳ್ಳೂದು ನಾ ನೋಡ್ತೀನಿ.”

ದುಂಡಗಿನ ಅಕ್ಷರದಲ್ಲಿ ಕನ್ನಡದಲ್ಲೇ ಸಹಿ ಮಾಡಿದರು.

ಗೋವಾಕ್ಕೆ ನನ್ನ ಕಾರಿನಲ್ಲೇ ಹೊರಟೆವು. ಸಂಕೇಶ್ವರ, ಆಜರಾ ದಾಟಿ ಅಂಬೋಲಿ ಘಾಟು ಇಳಿಯುವವರೆಗೆ ಅಕ್ಕೋರು ಕಲ್ಲು, ಮಣ್ಣು, ಗಾಳಿಯ ದಿಕ್ಕು ಎಲ್ಲದರ ಪಾಠ ಮಾಡಿದರು. ಮಾವಶಿ ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು. ಕೇಂದ್ರದಲ್ಲಿ ಪಾಸ್‌ಪೋರ್ಟ್ ನೋಡಿದರು, ಹೆಸರು ಬರೆದುಕೊಂಡರು, ಸಾಲಿನಲ್ಲಿ ಕೂರಿಸಿದರು. ಹಡಗಿನಲ್ಲಿ ಕೆಲಸಕ್ಕೆ ಸೇರುವ ಹುಡುಗರೇ ಹೆಚ್ಚಿದ್ದರು. “ನೀ ಮೊದಲ ಹೋಗ,” ಎಂದು ಅಕ್ಕೋರು ತಂಗಿಯನ್ನು ಒಳಗೆ ಕಳಿಸಿದರು, ಮನಸ್ಸು ಬದಲಾದೀತು ಎಂಬ ಅಂಜಿಕೆಗೆ. ಮೊಟ್ಟೆಯ ಪ್ರಶ್ನೆಗೆ ಮಾವಶಿ, ಹುಟ್ಟಿದ ಮೇಲೆ ತಿಂದೇ ಇಲ್ಲ, ಆಗಿಬರುತ್ತದೋ ಇಲ್ಲವೋ ಹೇಗೆ ಹೇಳಲಿ ಎಂದರಂತೆ. ಲಸಿಕೆ ಹಾಕಿ ಅರ್ಧ ಗಂಟೆ ಅಲ್ಲೇ ಕೂರಿಸಿ ನೋಡಿದರು. ಏನೂ ಆಗಲಿಲ್ಲ. ತೋಳಿನ ಮೇಲೆ ಹತ್ತಿ ಒತ್ತಿ ಹಿಡಿದುಕೊಂಡು ಬೆಂಚಿನ ಮೇಲೆ ಅವರು ಕೂತಿದ್ದರು.

ಆಮೇಲೆ ಅಕ್ಕೋರ ಸರದಿ. ಬೆರಳಿನಿಂದ ಏನೂ ಬಿಡಿಸಲು ಆಗುವುದಿಲ್ಲವಾದ್ದರಿಂದ ನಾನೂ ಒಳಗೆ ಹೋದೆ. ವೈದ್ಯೆ ಫಿಟ್‌ನೆಸ್ ಪತ್ರ ಓದಿದರು. ಪಕ್ಕಕ್ಕಿಟ್ಟು, ಅಕ್ಕೋರ ಕೈ ನೋಡಿದರು. ಮರಾಠಿಯಲ್ಲಿ ಕೇಳಿದರು, ಇದಕ್ಕೆ ಏನು ತೆಗೆದುಕೊಳ್ಳುತ್ತೀರಿ?

“ಅದೇನ ರೋಗಲ್ಲ, ಕೀಲ ಹಿಡಿತಾವ,” ಎಂದು ಅಕ್ಕೋರು ಅವರಿಗೆ ಮರಾಠಿಯಲ್ಲೇ ಹೇಳಿ, ನನ್ನ ಕಡೆ ತಿರುಗಿದರು. “ತಮ್ಮಾ, ಬ್ಯಾಗಿನಾಗ ಮೀರಜದ ಗುಳಿಗಿ ಅದಾವ, ತೋರಿಸು. ವಾರಕ್ಕೊಮ್ಮೆ ಅಷ್ಟ.”

ನಮ್ಮ ಕಡೆಯವರು ದೊಡ್ಡ ದವಾಖಾನೆಗೆ ಗಡಿ ದಾಟಿ ಮೀರಜಕ್ಕೇ ಹೋಗುತ್ತಾರೆ. ಅಲ್ಲಿಂದ ತಂದ ಗುಳಿಗೆಯ ಪಟ್ಟಿಯನ್ನು ವೈದ್ಯೆ ತಿರುಗಿಸಿ ನೋಡಿದರು. ಅವರ ಮುಖ ಮೆತ್ತಗಾಯಿತು. ಕೆಟ್ಟ ಸುದ್ದಿ ಹೇಳುವವರ ಮುಖ ಹಾಗೆ ಆಗುತ್ತದೆ ಅನ್ನುವುದು ನನಗೆ ಆಗಲೇ ತಿಳಿಯಿತು.

ಅವರು ಸಾವಕಾಶವಾಗಿ ವಿವರಿಸಿದರು. ಇದು ಮೈಯ ಕಾವಲನ್ನು ತಗ್ಗಿಸುವ ಗುಳಿಗೆ. ಆ ಕಾವಲೇ ತಪ್ಪಾಗಿ ಕೀಲುಗಳ ಮೇಲೆ ಬೀಳುತ್ತಿದೆ, ಅದನ್ನು ತಡೆಯಲು ಕೊಟ್ಟಿದ್ದಾರೆ. ಹಳದಿ ಜ್ವರದ ಲಸಿಕೆಯಲ್ಲಿರುವುದು ಜೀವಂತ ವೈರಸ್, ಬಲ ಕುಂದಿಸಿದ್ದು ಅಷ್ಟೇ. ಕಾವಲು ತಗ್ಗಿದ ಮೈಗೆ ಅದನ್ನು ಹಾಕಿದರೆ ಲಸಿಕೆಯಿಂದಲೇ ರೋಗ ಬರಬಹುದು, ಅರವತ್ತು ದಾಟಿದವರಿಗಂತೂ ಇನ್ನೂ ಅಪಾಯ. ಗುಳಿಗೆ ನಿಲ್ಲಿಸಿ ಹಾಕಬಹುದೇ ಎಂದು ನಾನು ಕೇಳಿದೆ. ಅದನ್ನು ಹೇಳಬೇಕಾದವರು ಮೀರಜದ ವೈದ್ಯರು, ನಿಲ್ಲಿಸಿದರೂ ಬಹಳ ಕಾಲ ಕಾಯಬೇಕು, ನಿಮ್ಮ ಹಡಗು ಅಷ್ಟು ದಿನ ನಿಲ್ಲುವುದಿಲ್ಲ ಎಂದರು. ಲಸಿಕೆ ಹಾಕಬಾರದು ಎಂದು ಒಂದು ವಿನಾಯಿತಿ ಪತ್ರ ಬರೆದುಕೊಡಬಲ್ಲೆ, ಆದರೆ ಅದನ್ನು ಒಪ್ಪುವುದು ಬಿಡುವುದು ಆಯಾ ಬಂದರಿನವರಿಗೆ ಬಿಟ್ಟದ್ದು, ವಾಪಸ್ ಬರುವಾಗ ಇಲ್ಲಿಯೂ ತಡೆದು ಇರಿಸಿಕೊಳ್ಳಬಹುದು ಎಂದೂ ಹೇಳಿದರು.

ಅಕ್ಕೋರು ಕುರ್ಚಿಯಿಂದ ಎದ್ದರು. ಹೊರಗೆ ಬಂದರು. ಮಾವಶಿ ತಲೆ ಎತ್ತಿ ನೋಡಿ, “ಹಾಕಿದ್ರ?” ಎಂದರು. ನಾನು ಹೇಳಿದೆ.

ಮಾವಶಿ ತೋಳಿನ ಮೇಲಿನ ಹತ್ತಿ ತೆಗೆದು ಅದನ್ನೇ ನೋಡಿದರು. “ಚಲೋ ಆತು ಬಿಡ ಅಕ್ಕಾ. ನನ್ನ ಪುಣ್ಯಾನೂ ಹೋತು, ನಿನ್ನ ಹಡಗೂ ಹೋತು,” ಎಂದರು. ಅಳುತ್ತಾರೋ ನಗುತ್ತಾರೋ ನನಗೆ ತಿಳಿಯಲಿಲ್ಲ, ಬಹುಶಃ ಅವರಿಗೂ ತಿಳಿದಿರಲಿಲ್ಲ. ನನಗೆ ಮಾತ್ರ ಅಳುವೇ ಬಂದಿತ್ತು. ಕಾರು ತರುತ್ತೇನೆ ಎಂದು ಹೇಳಿ ತಪ್ಪಿಸಿಕೊಂಡೆ.

ಘಾಟು ಹತ್ತುವಾಗ ಕಲ್ಲು, ಮಣ್ಣಿನ ಪಾಠ ಇರಲಿಲ್ಲ. ಆಜರಾದಲ್ಲಿ ಚಹಾಕ್ಕೆ ನಿಲ್ಲಿಸಿದೆ. ಸುಮ್ಮನೆ ಕೂರಲಾರದೆ, ಏನಾದರೂ ಕೇಳಬೇಕು ಎಂದು ಕೇಳಿದೆ, “ಅಕ್ಕೋರ, ಆ ರೇಖಾ ಎಲ್ಲಿ ಬರತೈತ್ರಿ? ಮೊಂಬಾಸಾದಾಗೇನು?”

ಪ್ರಶ್ನೆ ಕೇಳಿದರೆ ಉತ್ತರ ಕೊಡದೆ ಇರಲು ಅವರಿಂದ ಆಗುವುದಿಲ್ಲ. ಟೇಬಲ್ಲಿನ ಮೇಲೆ ಚೆಲ್ಲಿದ್ದ ನೀರಿನಲ್ಲಿ ಸೊಟ್ಟ ಬೆರಳಿನಿಂದ ನಕಾಶೆ ಎಳೆದರು. “ಇದು ಮುಂಬೈ. ಇದು ಸೀಶೆಲ್ಸ್. ರೇಖಾ ಇಲ್ಲಿ, ನಡು ಸಮುದ್ರದಾಗ. ಸೀಶೆಲ್ಸ್ ಮುಟ್ಟೂಕಿಂತ ಮೊದಲ ದಾಟಿ ಹೋಗತೈತಿ. ಮೊಂಬಾಸಾ ಇನ್ನೂ ಎಲ್ಲೈತಿ ನೋಡ, ಅತ್ತ.”

ನಾನು ಆ ನೀರಿನ ಗೆರೆಯನ್ನೇ ನೋಡಿದೆ. ಹಳದಿ ಜ್ವರದ ಕಾರ್ಡ್ ಬೇಕಾಗಿದ್ದದ್ದು ಕೀನ್ಯಾಕ್ಕೆ, ಅದರ ಮುಂದಿನ ಬಂದರಿಗೆ. ಸೀಶೆಲ್ಸಿನಲ್ಲಿ ಆ ರೋಗವಿಲ್ಲ, ಭಾರತದಿಂದ ನೇರವಾಗಿ ಬಂದವರಿಗೆ ಅಲ್ಲಿ ಕಾರ್ಡ್ ಕೇಳುವುದೂ ಇಲ್ಲ. ಅಲ್ಲೇ ಇಳಿದು ಅಲ್ಲಿಂದಲೇ ವಿಮಾನ ಹಿಡಿದರೆ?

“ಅಕ್ಕೋರ, ನಿಮಗ ಆಫ್ರಿಕಾ ಬೇಕೋ, ಗೆರಿ ಬೇಕೋ?” ಎಂದೆ.

“ಆಫ್ರಿಕಾ ಹಚ್ಚಿಕೊಂಡ ಏನ್ ಮಾಡ್ಲಿ? ಮೊದಲ ದಿನಾನ ಹೇಳೀನಲ್ಲ.”

ಹೌದು, ಮೊದಲ ದಿನವೇ ಹೇಳಿದ್ದರು.

ಮರುದಿನದಿಂದ ಕಂಪನಿಯ ಮುಂಬೈ ಆಫೀಸಿನ ಜೊತೆ ನನ್ನ ಜಗಳ ಶುರುವಾಯಿತು. ಆರೋಗ್ಯ ವಿಭಾಗದ ಹೆಣ್ಣುಮಗಳು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಆಗುವುದಿಲ್ಲ ಎನ್ನುತ್ತಿದ್ದಳು. ಪ್ರಯಾಣ ಮಾರುವುದು ಪೂರ್ತಿಯಾಗಿ, ನಡುವೆ ಇಳಿಸುವ ಪದ್ಧತಿ ಇಲ್ಲ. ಎರಡನೆಯ ಸಲ, ಇಳಿಸಬೇಕಾದರೆ ಅಲ್ಲಿನ ಬಂದರಿನವರ ಅನುಮತಿ ಬೇಕು ಎಂದಳು. ಹಾಗಾದರೆ ಪದ್ಧತಿ ಇದೆ ಎಂದಾಯಿತಲ್ಲ ಎಂದು ನಾನು ಪಟ್ಟು ಹಿಡಿದೆ. ಅಲ್ಲಿಂದ ಅವಳೂ ನನ್ನ ಕಡೆ ಸೇರಿಕೊಂಡಳು ಎನಿಸುತ್ತದೆ. ಏನೇನು ಬೇಕು ಎಂದು ತಾನೇ ಒಂದೊಂದಾಗಿ ಹೇಳಿಕೊಟ್ಟಳು. ಸೀಶೆಲ್ಸಿನಿಂದ ಮುಂಬೈಗೆ ಖಾತ್ರಿಯಾದ ವಿಮಾನದ ಟಿಕೆಟ್, ಒಂದು ರಾತ್ರಿಯ ಹೋಟೆಲ್, ಆ ದೇಶದ ಪ್ರವೇಶದ ಅನುಮತಿ. ಜೊತೆಗೆ, ಈಗ ಗುಳಿಗೆಯ ವಿಷಯ ಬಯಲಾಗಿದ್ದರಿಂದ, ಕೀಲಿನ ಕಾಯಿಲೆ ಹತೋಟಿಯಲ್ಲಿದೆ, ಪ್ರಯಾಣ ಮಾಡಬಹುದು ಎಂದು ಮೀರಜದ ವೈದ್ಯರ ಪತ್ರ. ವಿಮೆಯವರಿಗೂ ಅದನ್ನು ತಿಳಿಸಿ ಹೊಸದಾಗಿ ಮಾಡಿಸಬೇಕು. ಅಕ್ಕೋರು ಇದಕ್ಕೆ ಮಾತ್ರ ಉರಿದುಬಿದ್ದರು. “ಇಷ್ಟ ವರ್ಷ ಬರೇ ಗುಳಿಗಿ ಇತ್ತು. ನಿನ್ನ ಕಾಲಾಗ ಅದು ರೋಗಾ ಆಗಿ ಕುಂತೈತಿ ನೋಡ,” ಎಂದರು. ಆದರೂ ಮೀರಜಕ್ಕೆ ಬಂದರು. ಪರೀಕ್ಷೆಗೆ ರಕ್ತ ಕೊಟ್ಟರು, ಮನೆಯಲ್ಲಿ ಕಾದರು, ಪತ್ರ ಸಿಕ್ಕಿತು.

ಕಂಪನಿಯವರ ಒಪ್ಪಿಗೆ ಬರಹದಲ್ಲಿ ಬಂದಾಗ ನಾನು ಇಬ್ಬರನ್ನೂ ಆಫೀಸಿಗೆ ಕರೆಸಿದೆ. ಸೀಶೆಲ್ಸಿನಲ್ಲಿ ಇಳಿಯುವವರಿಗೆ ಹಳದಿ ಜ್ವರದ ಕಾರ್ಡ್ ಬೇಕಿಲ್ಲ ಎಂಬ ಸಾಲನ್ನು ಅಕ್ಕೋರು ಎರಡು ಸಲ ಗಟ್ಟಿಯಾಗಿ ಓದಿದರು. ಅವರ ಖುಷಿ ನೋಡಿ ನನಗೂ ಹಿಗ್ಗು. ಹಾಸಿಗೆ ಇದ್ದಷ್ಟು ಕಾಲು ಚಾಚಿದೆವು ಎಂದು ಏನೋ ಜಂಬ ಕೊಚ್ಚಿದೆ.

ಮಾವಶಿ ನಗುತ್ತಿರಲಿಲ್ಲ. “ಭಾಯಿ,” ಎಂದರು, “ಹಂಗಾದ್ರ ನಂಗೂ ಆ ಸೂಜಿ ಬೇಕಾಗಿದ್ದಿಲ್ಲ?”

ಊರು ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗಾಯಿತು ನನ್ನ ಜಾಣತನ. “ಇಲ್ರಿ ಮಾವಶಿ. ಬೇಕಾಗಿದ್ದಿಲ್ಲ,” ಎಂದೆ. ಅಕ್ಕೋರು ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲಿಟ್ಟರು.

“ಇರ್ಲಿ,” ಎಂದು ಮಾವಶಿ ಎದ್ದರು. “ಬಸ್ಸಿಗೆ ಹೊತ್ತಾತು.”

ಹಡಗು ಹೊರಟಿತು. ಮುಂಬೈಯ ಬಂದರಿನವರೆಗೆ ನಾನೇ ಹೋಗಿ ಕಾಗದಗಳನ್ನೆಲ್ಲ ತೋರಿಸಿ ಒಳಗೆ ಬಿಟ್ಟುಬಂದೆ. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಅಷ್ಟು ಒದ್ದಾಡಿದ್ದಕ್ಕೆ ಯಾರಾದರೂ ಒಂದು ಪ್ರಶ್ನೆ ಕೇಳಬಾರದಿತ್ತೇ ಎಂದು ನನಗೆ ಅನಿಸಿದ್ದೂ ನಿಜ. ಅಕ್ಕ ಮುಂದೆ, ತಂಗಿ ಹಿಂದೆ ಹೋದರು. ಗೋವಾದಿಂದ ಬಂದ ಮೇಲೆ ಅವರಿಬ್ಬರೂ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದರು. ಅದು ನನ್ನ ಮನಸ್ಸಿಗೆ ಚುಚ್ಚುತ್ತಿತ್ತು. ಅವರನ್ನು ಗೆರೆ ದಾಟಿಸಲು ಹೋಗಿ ಅವರ ನಡುವೆಯೇ ಒಂದು ಗೆರೆ ಎಳೆದೆನೇನೋ ಅನಿಸುತ್ತಿತ್ತು.

ಅವರು ವಾಪಸ್ ಬಂದು ಆಫೀಸಿಗೆ ಬಂದ ದಿನ ನಾನು ಮೊದಲು ನೋಡಿದ್ದು ಇಬ್ಬರ ಮುಖ. ಬಿಸಿಲಿಗೆ ಕಪ್ಪಾಗಿದ್ದವು, ಬೇರೇನೂ ತಿಳಿಯಲಿಲ್ಲ. ಅಕ್ಕೋರೇ ಹೇಳುತ್ತ ಹೋದರು. ಮಧ್ಯಾಹ್ನ ಕ್ಯಾಪ್ಟನ್ ಮೈಕಿನಲ್ಲಿ ಹೇಳಿದನಂತೆ, ಈಗ ದಾಟುತ್ತಿದ್ದೇವೆ ಎಂದು. ಹಡಗಿನವರು ಸೀಟಿ ಊದಿ, ಒಬ್ಬರಿಗೊಬ್ಬರು ನೀರು ಎರಚಿ ಕುಣಿದರಂತೆ.

“ಏನ್ ಕಾಣಿಸ್ತ್ರಿ ಅಕ್ಕೋರ?”

“ಏನೂ ಇಲ್ಲ. ಈ ಕಡೆ ನೀರು, ಆ ಕಡೆ ನೀರು. ಹುಡುಗೂರಿಗೆ ನಾ ಹೇಳ್ತಿದ್ದೆ, ಅದು ಕಲ್ಪಿತ ರೇಖಾ ಅಂತ. ಖರೇನ ಹೇಳೀನಿ ತಮ್ಮಾ, ಸುಳ್ಳ ಹೇಳಿಲ್ಲ.” ಮೂಗು ಒರೆಸಿಕೊಂಡು, ವೈದ್ಯನ ಹತ್ತಿರ ಕೆಲಸವಿದೆ, ಫಿಟ್‌ನೆಸ್ ಪತ್ರದ ವಿಷಯಕ್ಕೆ ಅವನ ಕಿವಿ ಹಿಂಡುವುದು ಬಾಕಿ ಇದೆ ಎಂದು ಎದ್ದುಹೋದರು.

ಮಾವಶಿ ಉಳಿದರು. ಹಡಗಿನಲ್ಲಿ ಊಟ ಹೊಂದಿತೇ, ಹೊತ್ತಿಗೆ ಸರಿಯಾಗಿ ಕೊಟ್ಟರೇ ಎಂದು ಕೇಳಿದೆ.

“ಎಲ್ಲಾ ಚಲೋ ಇತ್ರಿ. ಒಂದ ದಿನ ಅಷ್ಟ ನಾ ಉಣ್ಣಲಿಲ್ಲ. ಆ ಸೂಜೀ ಸಲುವಾಗಿ ಒಂದ ಉಪಾಸ ಬಾಕಿ ಇತ್ತು. ಗೆರಿ ದಾಟೂ ದಿನಾನ ಹಿಡದೆ. ಅಕ್ಕಗ ಹೇಳಿದ್ದಿಲ್ಲ, ಹೇಳಿದ್ರ ನಗ್ತಾಳ.”

“ಅವ್ರಿಗೆ ಗೊತ್ತಾಗಲಿಲ್ಲೇನ್ರಿ?”

“ಅವತ್ತ ಹಡಗಿನಾಗ ದೊಡ್ಡ ಊಟಾ ಇಟ್ಟಿದ್ರು. ನಾ ಹೊರಗ ಕುರ್ಚಿ ಮ್ಯಾಲೆ ಕುಂತಿದ್ದೆ. ಅಕಿ ತಾಟ ತುಂಬಿಸಿಕೊಂಡ, ಆ ಕೈಲೆ ಹೆಂಗೋ ಹಿಡಕೊಂಡ ಬಂದ್ಲು. ನೀ ಯಾಕ ತರಲಿಲ್ಲ ಅಂತ ಕೇಳಲಿಲ್ರಿ. ನನ್ನ ಮಾರಿ ನೋಡಿದ್ಲು. ತಾಟ ಅಲ್ಲೇ ಇದ್ದ ಹುಡುಗನ ಕೈಯಾಗ ಕೊಟ್ಟ ಬಂದ್ಲು, ನನ್ನ ಬಾಜೂಕ ಕುಂತ್ಲು.”

ಮಾವಶಿ ಸೆರಗು ಸರಿಮಾಡಿಕೊಂಡರು.

“ಮರುದಿನ ಹೊತ್ತ ಹೊಂಡೂತನ ಅಕಿ ಬಾಯಾಗ ಏನೂ ಹಾಕ್ಕೊಳ್ಳಿಲ್ರಿ ಭಾಯಿ. ಹುಟ್ಟಿದ ಮ್ಯಾಲೆ ಅಕ್ಕ ಹಿಡದ ಮೊದಲ ಉಪಾಸ ಅದು.”